'ಆಕಾಶವಾಣಿ' ಎಂಬ ನುಡಿ ಬಂದ ಬಗೆ

ನಮ್ಮ ಮನೆಗಳ ಹಿರಿಯರು ಇಂದಿಗೂ ರೇಡಿಯೋವನ್ನು 'ಆಕಾಶವಾಣಿ' ಎಂದೇ ಕರೆಯುವುದುಂಟು. ಬೆಳಗಿನ ವಾರ್ತೆಯನ್ನು ಕೇಳಿ 'ಆಕಾಶವಾಣಿಯಲ್ಲಿ ಹೇಳಿದರು' ಎಂದರೆ ಆ ಮಾತಿಗೆ ಎರಡನೆಯ ಸಾಕ್ಷಿ ಬೇಕಿರಲಿಲ್ಲ. ಎಳೆಯರು ಈಗ ಆ ಪದವನ್ನು ಒಂದು ಸಂಸ್ಥೆಯ ಹೆಸರೆಂದಷ್ಟೇ ತಿಳಿದಿದ್ದಾರೆ. ಆದರೆ ಈ ನುಡಿ ಹುಟ್ಟಿದ್ದೆಲ್ಲಿ, ಯಂತ್ರವೊಂದಕ್ಕೆ ಅದು ಅಂಟಿಕೊಂಡದ್ದು ಹೇಗೆ, ನಮ್ಮ ನೆರೆಹೊರೆಯ ನುಡಿಗಳು ಅದನ್ನು ಹೇಗೆ ಕಂಡವು, ದೂರದೇಶದವರು ಅದೇ ವಸ್ತುವಿಗೆ ಎಂಥ ಹೆಸರುಗಳನ್ನು ಇಟ್ಟುಕೊಂಡರು ಎಂಬುದನ್ನು ವಿಚಾರಿಸುತ್ತ ಹೋದರೆ ಒಂದು ಸ್ವಾರಸ್ಯಕರವಾದ ಕಥೆಯೇ ತೆರೆದುಕೊಳ್ಳುತ್ತದೆ. ಅದರಲ್ಲಿ ಕನ್ನಡನಾಡಿನ ಪಾಲು ಹಿರಿದಾದದ್ದು. ಆದುದರಿಂದ ಈ ಸಲ ನಾವು ಈ ಒಂದು ಪದದ ಬೆನ್ನುಹತ್ತಿದ್ದೇವೆ.

ರೇಡಿಯೋ ಬರುವುದಕ್ಕೆ ಬಹಳ ಹಿಂದೆಯೇ ಆಕಾಶವಾಣಿ ಎಂಬುದಿತ್ತು. ಪುರಾಣ ಕೇಳಿದವರಿಗೆಲ್ಲ ಅದರ ಪರಿಚಯವುಂಟು. ತಂಗಿ ದೇವಕಿಯನ್ನೂ ವಸುದೇವನನ್ನೂ ರಥದಲ್ಲಿ ಕೂರಿಸಿಕೊಂಡು ಕಂಸನೇ ಸಾರಥಿಯಾಗಿ ಹೊರಟಾಗ, ಇವಳ ಎಂಟನೆಯ ಗರ್ಭದಿಂದ ನಿನಗೆ ಮರಣವೆಂಬ ಮಾತು ಆಕಾಶದಿಂದ ಕೇಳಿಬಂದಿತು. ಆಡಿದವರು ಕಾಣರು, ಆಡಿದ ಮಾತು ಮಾತ್ರ ಸ್ಪಷ್ಟ. 'ಅಶರೀರವಾಣಿ' ಎಂಬುದು ಇದರದೇ ಇನ್ನೊಂದು ಹೆಸರು. ನಮ್ಮ ಕಂಪನಿ ನಾಟಕಗಳಲ್ಲಿಯೂ ಬಯಲಾಟಗಳಲ್ಲಿಯೂ ಇಂಥ ಸನ್ನಿವೇಶ ಬಂದಾಗ ತೆರೆಯ ಹಿಂದಿನಿಂದ ಒಬ್ಬರು ಗಟ್ಟಿದನಿಯಲ್ಲಿ ನುಡಿಯುತ್ತಿದ್ದರು. ರಂಗದ ಮೇಲಿದ್ದವನು ತಲೆಯೆತ್ತಿ ಬೆಚ್ಚಿಬೀಳುತ್ತಿದ್ದನು. ಈ ಪುರಾಣದ ವಾಣಿಗೆ ಮೂರು ಲಕ್ಷಣಗಳಿದ್ದುದನ್ನು ಗಮನಿಸಬೇಕು. ಅದನ್ನು ಆಡಿದವರು ಕಾಣುವುದಿಲ್ಲ. ಅದಕ್ಕೆ ಮರುಮಾತು ಹೇಳಲಾಗುವುದಿಲ್ಲ. ಮತ್ತು ಅದು ಹುಸಿಯಾಗುವುದಿಲ್ಲ. ಮೊದಲೆರಡು ಲಕ್ಷಣಗಳು ರೇಡಿಯೋಗೆ ತಾವಾಗಿಯೇ ಒಪ್ಪಿದವು. ಮೂರನೆಯದರ ವಿಚಾರ ಬೇರೆ. ಅದನ್ನು ಮುಂದೆ ನೋಡೋಣ.

ಇನ್ನೊಂದು ಔಚಿತ್ಯವೂ ಈ ಹೆಸರಿಗಿದೆ. ನಮ್ಮ ದರ್ಶನಶಾಸ್ತ್ರಗಳ ಪ್ರಕಾರ ಪಂಚಭೂತಗಳಲ್ಲಿ ಒಂದೊಂದಕ್ಕೂ ಅದರದೇ ಆದ ಗುಣವುಂಟು. ಪೃಥ್ವಿಗೆ ಗಂಧ, ಜಲಕ್ಕೆ ರಸ, ತೇಜಸ್ಸಿಗೆ ರೂಪ, ವಾಯುವಿಗೆ ಸ್ಪರ್ಶ, ಆಕಾಶಕ್ಕೆ ಶಬ್ದ. ಶಬ್ದವು ಆಕಾಶದ ಗುಣವೆಂದು ಬಾಲ್ಯದಿಂದ ಕಲಿತವನಿಗೆ ಆಕಾಶದಿಂದ ಮಾತು ಬರುವುದು ವಿಚಿತ್ರವೆನಿಸದು. ಭೌತವಿಜ್ಞಾನ ಹೇಳುವುದು ಮಾತ್ರ ಬೇರೆಯೇ. ಪ್ರಸಾರಕೇಂದ್ರದಿಂದ ನಮ್ಮ ಮನೆಯವರೆಗೆ ಬರುವುದು ಶಬ್ದವಲ್ಲ, ವಿದ್ಯುತ್ಕಾಂತೀಯ ಅಲೆ. ಗಾಳಿಯಿಲ್ಲದ ಕಡೆ ಶಬ್ದ ಸಾಗದು. ಈ ಅಲೆಯಾದರೋ ಗಾಳಿಯಿಲ್ಲದ ಶೂನ್ಯದಲ್ಲಿಯೂ ಸಾಗುತ್ತದೆ. ನಮ್ಮ ಮನೆಯ ಪೆಟ್ಟಿಗೆ ಅದನ್ನು ಹಿಡಿದು ಮತ್ತೆ ಶಬ್ದವನ್ನಾಗಿ ಮಾಡುತ್ತದೆ. ಆದರೆ ಹೆಸರಿಡುವವರು ವಿಜ್ಞಾನದ ಪಠ್ಯಪುಸ್ತಕವನ್ನು ಎದುರಿಗಿಟ್ಟುಕೊಂಡು ಹೆಸರಿಡುವುದಿಲ್ಲವಷ್ಟೆ.

ಹೆಸರಿಟ್ಟದ್ದು ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ 'ವಿಠಲ ವಿಹಾರ' ಎಂಬ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರಕೇಂದ್ರವನ್ನು ಆರಂಭಿಸಿದರು. ಈಗ ಮೈಸೂರು ಆಕಾಶವಾಣಿಯ ಕಟ್ಟಡವಿರುವ ಸ್ಥಳಕ್ಕೆ ಆ ಮನೆ ಅನತಿದೂರದಲ್ಲಿತ್ತು. ಮೊದಲ ಪ್ರೇಷಕಯಂತ್ರದ ಶಕ್ತಿ 30 ವ್ಯಾಟ್ ಮಾತ್ರ. ನಮ್ಮ ಪಡಸಾಲೆಯಲ್ಲಿ ಹಿಂದೆ ಉರಿಯುತ್ತಿದ್ದ ಸಾಮಾನ್ಯ ಬಲ್ಬು 40 ಅಥವಾ 60 ವ್ಯಾಟಿನದಾಗಿರುತ್ತಿತ್ತು ಎಂಬುದನ್ನು ನೆನೆದರೆ ಆ ಸಾಹಸದ ಅಳತೆ ತಿಳಿದೀತು. ಸಂಗೀತ, ಭಾಷಣ, ಕಾವ್ಯವಾಚನಗಳು ಆ ಮನೆಯಿಂದ ಹೊರಟು ಮೈಸೂರಿನ ಕೆಲವೇ ಮನೆಗಳನ್ನು ತಲುಪುತ್ತಿದ್ದವು. ಆ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು. ಗೋಪಾಲಸ್ವಾಮಿಯವರೇ ಅದನ್ನು ಇಟ್ಟರೆಂಬುದು ಬಹುಮಂದಿಯ ಅಭಿಪ್ರಾಯ. ಅವರೊಂದಿಗೆ ಕೇಂದ್ರದಲ್ಲಿ ದುಡಿದ ಸಾಹಿತಿ ನಾ. ಕಸ್ತೂರಿಯವರು ಸೂಚಿಸಿದ್ದೆಂದು ಹೇಳುವವರೂ ಇದ್ದಾರೆ. ಕಸ್ತೂರಿಯವರು ಪದಗಳೊಡನೆ ಆಟವಾಡುವುದರಲ್ಲಿ ನಿಸ್ಸೀಮರು. 'ಅನರ್ಥಕೋಶ'ವೆಂಬ ವಿನೋದದ ನಿಘಂಟನ್ನೇ ಬರೆದವರು. ಯಾರೇ ಇಟ್ಟಿರಲಿ, ಹೆಸರು ಇಟ್ಟ ಊರು ಮೈಸೂರು ಎಂಬುದರಲ್ಲಿ ವಿವಾದವಿಲ್ಲ.

ಇತ್ತ ಬ್ರಿಟಿಷ್ ಸರ್ಕಾರದ ಪ್ರಸಾರಸಂಸ್ಥೆಯ ಕಥೆ ಬೇರೆಯೇ ಹಾದಿಯಲ್ಲಿ ಸಾಗಿತ್ತು. 1927ರಲ್ಲಿ ಮುಂಬಯಿ ಮತ್ತು ಕಲಕತ್ತೆಗಳಲ್ಲಿ ಒಂದು ಖಾಸಗಿ ಕಂಪನಿ ಪ್ರಸಾರವನ್ನು ಆರಂಭಿಸಿ, ಮೂರು ವರ್ಷಗಳೊಳಗೆ ನಷ್ಟದಿಂದ ಮುಚ್ಚಿಹೋಯಿತು. ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. 1936ರ ಜೂನ್ ತಿಂಗಳಲ್ಲಿ ಅದಕ್ಕೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದಿತು. ಅದು ಇಂಗ್ಲಿಷ್ ಹೆಸರು; ನಮ್ಮ ಜನ ಅದನ್ನು ನಾಲಗೆಗೆ ಒಗ್ಗಿಸಿಕೊಂಡು 'ರೇಡಿಯಾ' ಎಂದರು. 1930ರ ದಶಕದ ಕೊನೆಯಲ್ಲಿ ಕಲಕತ್ತೆಯ ಹೊಸ ಪ್ರೇಷಕಯಂತ್ರದ ಸಂದರ್ಭದಲ್ಲಿ ಕವಿ ರವೀಂದ್ರನಾಥ ಠಾಕೂರರೂ ಆಕಾಶವಾಣಿ ಎಂಬ ಮಾತನ್ನು ಬಳಸಿ ಪದ್ಯವೊಂದನ್ನು ರಚಿಸಿಕೊಟ್ಟರೆಂದು ಪ್ರಸಿದ್ಧಿಯಿದೆ. ಇದರಿಂದಾಗಿ ಆ ಹೆಸರು ಅವರದೇ ಕೊಡುಗೆಯೆಂಬ ನಂಬಿಕೆ ಉತ್ತರಭಾರತದಲ್ಲಿ ಬಲವಾಗಿದೆ. ಕಾಲಾನುಕ್ರಮವನ್ನು ನೋಡಿದರೆ ಮೈಸೂರಿನ ಬಳಕೆಯೇ ಮೊದಲಿನದು. ಮಹಾಕವಿಯ ಹೆಸರಿನ ನೆರಳಿನಲ್ಲಿ ನಮ್ಮ ಪ್ರಾಧ್ಯಾಪಕರು ಮರೆಯಾದದ್ದು ಖೇದಕರವಾದರೂ ಆಶ್ಚರ್ಯಕರವಲ್ಲ. ಪುರಾಣದ ಪದವಾದ್ದರಿಂದ ಇಬ್ಬರಿಗೂ ಬೇರೆಬೇರೆಯಾಗಿಯೇ ಹೊಳೆದಿರಲೂ ಸಾಕು.

ಮುಂದೆ 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವೇ ಆ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ಅದೇ 1950ರ ಜನವರಿಯಲ್ಲಿ ಧಾರವಾಡದ ಕೇಂದ್ರ ಆರಂಭವಾದದ್ದನ್ನು ಉತ್ತರ ಕರ್ನಾಟಕದ ನಮ್ಮ ಓದುಗರು ಬಲ್ಲರು; ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು, ಅವರು ಹಾಡಿದ ವಚನಗಳು ಆ ಕೇಂದ್ರದಿಂದಲೇ ಎಷ್ಟೋ ಮನೆಗಳ ಒಳಗೆ ಬಂದವು. 1955ರಲ್ಲಿ ಬೆಂಗಳೂರು ಕೇಂದ್ರ ತಲೆಯೆತ್ತಿತು. ಮೈಸೂರಿನ ಪ್ರಸಾರ ನಿಂತು, ಆ ಊರು ಮತ್ತೆ ತನ್ನದೇ ಕೇಂದ್ರವನ್ನು ಪಡೆಯಲು 1974ರವರೆಗೆ ಕಾಯಬೇಕಾಯಿತು. ಕೇಂದ್ರ ಹೋಯಿತು, ಹೆಸರು ಮಾತ್ರ ಉಳಿಯಿತು, ಉಳಿದದ್ದಷ್ಟೇ ಅಲ್ಲ, ದೆಹಲಿಯನ್ನೇ ಸೇರಿತು. 1956-57ರ ಸುಮಾರಿಗೆ ಇಡೀ ದೇಶದ ಪ್ರಸಾರಸಂಸ್ಥೆ 'ಆಕಾಶವಾಣಿ'ಯನ್ನು ತನ್ನ ಹೆಸರಾಗಿ ಅಂಗೀಕರಿಸಿತು. ಸಂಸ್ಕೃತದಲ್ಲಿ ಹುಟ್ಟಿ, ಪುರಾಣದಲ್ಲಿ ಬೆಳೆದು, ಕನ್ನಡದ ನೆಲದಲ್ಲಿ ಹೊಸ ಅರ್ಥವನ್ನು ಪಡೆದ ಪದವೊಂದು ಹಿಂದಿಯೇ ಮೊದಲಾದ ನುಡಿಗಳಿಗೆ ಹೀಗೆ ಎರವಲಾಗಿ ಹೋಯಿತು. ಸಾಮಾನ್ಯವಾಗಿ ಆಡಳಿತದ ಪದಗಳು ದೆಹಲಿಯಿಂದ ನಮ್ಮತ್ತ ಬರುತ್ತವೆ. ಇದು ಎದುರು ದಿಕ್ಕಿನಲ್ಲಿ ಹೋದ ಪದ, ಅಂಥವು ವಿರಳ.

ಆದರೆ ಎಲ್ಲ ನೆರೆಯವರೂ ಅದನ್ನು ಬರಮಾಡಿಕೊಳ್ಳಲಿಲ್ಲ. ತಮಿಳರು ತಮ್ಮದೇ 'ವಾನೊಲಿ'ಯನ್ನು ಬಿಡಲಿಲ್ಲ. 'ವಾನ್' ಎಂದರೆ ಬಾನು, 'ಒಲಿ' ಎಂದರೆ ಧ್ವನಿ. ಸಂಸ್ಕೃತದ ಹೆಸರನ್ನು ತಮ್ಮ ಮೇಲೆ ಹೇರಲಾಗುತ್ತಿದೆಯೆಂದು ಅವರು ಪ್ರತಿಭಟಿಸಿದರು. ತಮಿಳುನಾಡಿನ ಕೇಂದ್ರಗಳ ಉದ್ಘೋಷಣೆಯಲ್ಲಿ 'ಆಲ್ ಇಂಡಿಯಾ ರೇಡಿಯೋ' ಎಂಬ ಇಂಗ್ಲಿಷ್ ಹೆಸರೇ ಮುಂದುವರಿಯಿತು. ಪರಕೀಯವೆಂದು ಒಂದನ್ನು ದೂರವಿಟ್ಟು ಇನ್ನೊಂದು ಪರಕೀಯವನ್ನು ಉಳಿಸಿಕೊಂಡ ಈ ನಿಲುವು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಇಂಗ್ಲಿಷ್ ಯಾರ ಮನೆಯದೂ ಅಲ್ಲ, ಆದ್ದರಿಂದ ಅದರಿಂದ ಯಾರಿಗೂ ಮೇಲುಗೈಯಿಲ್ಲ ಎಂಬ ಅವರ ತರ್ಕವನ್ನು ಸುಲಭವಾಗಿ ತಳ್ಳಿಹಾಕಲಾಗದು. ಬಂಗಾಳಿಗಳು 'ಬೇತಾರ್' ಎಂದರು. 'ಬೇ' ಎಂದರೆ ಇಲ್ಲದ, 'ತಾರ್' ಎಂದರೆ ತಂತಿ, ತಂತಿಯಿಲ್ಲದ್ದು. ಕಲಕತ್ತೆಯಿಂದ 1929ರಲ್ಲಿಯೇ 'ಬೇತಾರ್ ಜಗತ್' ಎಂಬ ಪತ್ರಿಕೆ ಹೊರಡತೊಡಗಿತ್ತು. ಬಾಂಗ್ಲಾದೇಶದ ಸರ್ಕಾರಿ ರೇಡಿಯೋದ ಹೆಸರು ಇಂದಿಗೂ 'ಬಾಂಗ್ಲಾದೇಶ್ ಬೇತಾರ್'. ಕನ್ನಡಿಗರ ಕಿವಿಗೆ ಇದು ಬೇತಾಳವನ್ನು ನೆನಪಿಗೆ ತರುತ್ತದೆ. ಮರದ ಮೇಲೆ ಕುಳಿತು ಕಥೆ ಹೇಳುವ ಬೇತಾಳಕ್ಕೂ ಗೂಡಿನಲ್ಲಿ ಕುಳಿತು ಕಥೆ ಹೇಳುವ ಪೆಟ್ಟಿಗೆಗೂ ಅಂಥ ದೊಡ್ಡ ಅಂತರವೇನಿಲ್ಲ ಎಂದು ಕಸ್ತೂರಿಯವರಂಥ ವಿನೋದಪ್ರಿಯರು ಹೇಳಿಯಾರು! ಮರಾಠಿಯಲ್ಲಿ ಆಕಾಶವಾಣಿಯ ಜೊತೆಗೆ 'ನಭೋವಾಣಿ'ಯೂ ನಡೆಯಿತು. ರೇಡಿಯೋ ನಾಟಕಕ್ಕೆ ಅವರು 'ನಭೋನಾಟ್ಯ'ವೆಂದರು. ಶ್ರೀಲಂಕೆಯ ಸಿಂಹಳದಲ್ಲಿ ರೇಡಿಯೋಗೆ 'ಗುವನ್ ವಿದುಲಿಯ' ಎನ್ನುತ್ತಾರೆ. ಗುವನ್ ಎಂದರೆ ಗಗನ, ವಿದುಲಿ ಎಂದರೆ ವಿದ್ಯುತ್ತು, ಗಗನವಿದ್ಯುತ್ತು. ನಮ್ಮವರು ಕೇಳಿದ್ದು ಮಾತನ್ನು, ಅವರು ಕಂಡದ್ದು ಮಿಂಚನ್ನು.

ಕನ್ನಡಕ್ಕೂ ಅಚ್ಚಗನ್ನಡದ ಪದವೊಂದಿದೆ. ಅದು 'ಬಾನುಲಿ'. ತಮಿಳಿನ ವಾನೊಲಿಗೂ ಇದಕ್ಕೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುವಂಥದು. ತಮಿಳಿನ 'ವ'ಕಾರ ಕನ್ನಡದಲ್ಲಿ 'ಬ'ಕಾರವಾಗುವುದು ಎರಡು ನುಡಿಗಳನ್ನೂ ಬಲ್ಲವರಿಗೆ ತಿಳಿದ ಸಂಗತಿ. ಅವರು 'ವಾ' ಎಂದು ಕರೆದರೆ ನಾವು 'ಬಾ' ಎನ್ನುತ್ತೇವೆ. ಅವರ 'ವಿಲ್' ನಮ್ಮ 'ಬಿಲ್ಲು'. ಹಾಗೆಯೇ ವಾನ್ ಬಾನಾಯಿತು. ಬಾನುಲಿ ಚೆಲುವಾದ ಪದ. ಸಾಹಿತಿಗಳು ಅದನ್ನು ಅಕ್ಕರೆಯಿಂದ ಬಳಸಿದರು. 'ಬಾನುಲಿ ನಾಟಕ', 'ಬಾನುಲಿ ಭಾಷಣ' ಎಂಬ ಮಾತುಗಳು ಪುಸ್ತಕಗಳ ಮುಖಪುಟಗಳ ಮೇಲೆ ಬಂದವು. ಆದರೂ ಅದು ಜಗುಲಿಗೆ ಇಳಿದು ಬರಲಿಲ್ಲ. ಬರಹದಲ್ಲಿ ಬಾನುಲಿ, ಗೌರವದ ಮಾತಿನಲ್ಲಿ ಆಕಾಶವಾಣಿ, ಮನೆಮಾತಿನಲ್ಲಿ ರೇಡಿಯೋ: ಮೂರು ಪದಗಳು ಮೂರು ಕೋಣೆಗಳನ್ನು ಹಂಚಿಕೊಂಡವು.

ಈವರೆಗೆ ಹೇಳಿದ್ದು ಯಂತ್ರದ ಮತ್ತು ಸಂಸ್ಥೆಯ ಹೆಸರಿನ ಮಾತಾಯಿತು. ಆ ಯಂತ್ರದ ಮೂಲಕ ನಡೆಯುವ ಕ್ರಿಯೆಯ ಹೆಸರಿನಲ್ಲಿ ಇನ್ನೂ ಹೆಚ್ಚಿನ ಸ್ವಾರಸ್ಯವಿದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಬ್ರಾಡ್‌ಕಾಸ್ಟ್' ಎನ್ನುತ್ತಾರೆ. ಇದು ಇಂಗ್ಲೆಂಡಿನ ರೈತರ ಪದ! ಹದಿನೆಂಟನೆಯ ಶತಮಾನದಿಂದಲೂ ಅದು ಬಿತ್ತನೆಯ ಒಂದು ವಿಧಾನದ ಹೆಸರಾಗಿತ್ತು. 'ಬ್ರಾಡ್' ಎಂದರೆ ಅಗಲ, 'ಕಾಸ್ಟ್' ಎಂದರೆ ಎಸೆದದ್ದು. ಮುಷ್ಟಿಯಲ್ಲಿ ಬೀಜ ಹಿಡಿದು ಹೊಲದ ತುಂಬ ಅಗಲವಾಗಿ ಎರಚುತ್ತ ನಡೆಯುವ ಬಿತ್ತನೆ ಅದು. ನಮ್ಮ ಹೊಲಮನೆಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೂರಿಗೆಯಿಂದ ಬಿತ್ತಿದಾಗ ಬೀಜ ಸಾಲುಹಿಡಿದು, ಇಂಥಲ್ಲಿಯೇ ಎಂದು ಗೊತ್ತುಮಾಡಿದ ಜಾಗದಲ್ಲಿ ಬೀಳುತ್ತದೆ. ಚೆಲ್ಲಿ ಬಿತ್ತಿದಾಗ ಎಲ್ಲಿ ಬೇಕಾದರೂ ಬೀಳಬಹುದು. ಬದುವಿನ ಮೇಲೆ, ಕಲ್ಲಿನ ಮೇಲೆ, ಹಕ್ಕಿಯ ಬಾಯಿಗೆ. ನಿಸ್ತಂತು ವಿದ್ಯೆ ಬಂದ ಹೊಸತರಲ್ಲಿ ಅದು ಕೂರಿಗೆಯ ಬಿತ್ತನೆಯಂತಿತ್ತು. ಹಡಗಿನಿಂದ ದಡಕ್ಕೆ, ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಸುದ್ದಿ ಕಳುಹಿಸುವುದೇ ಅದರ ಉದ್ದೇಶವಾಗಿತ್ತು. ಉದ್ದೇಶಿಸದವರ ಕಿವಿಗೂ ಆ ಮಾತು ಬೀಳುವುದನ್ನು ಒಂದು ದೋಷವೆಂದೇ ಎಣಿಸುತ್ತಿದ್ದರು. 1920ರ ವೇಳೆಗೆ ಆ ದೋಷವೇ ಗುಣವಾಯಿತು. ಯಾರು ಕೇಳುವರೋ ಕೇಳಲಿ ಎಂದು ಎಲ್ಲರಿಗೂ ಮಾತು ಎರಚುವ ಕೇಂದ್ರಗಳು ಹುಟ್ಟಿದವು. ಆ ಹೊಸ ಕೆಲಸಕ್ಕೆ ಹಳೆಯ ಹೊಲದ ಮಾತೇ ಹೆಸರಾಗಿ ಒದಗಿತು. 1922ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಬಿ.ಬಿ.ಸಿ.ಯ ನಡುವಣ 'ಬಿ' ಇದೇ ಬಿತ್ತನೆಯ ಪದದ ಮೊದಲಕ್ಷರ.

ಇದನ್ನು ಎರವಲು ಪಡೆಯುವಾಗ ಒಂದೊಂದು ಜನಾಂಗವೂ ಒಂದೊಂದು ದಾರಿ ಹಿಡಿಯಿತು. ಚೀನೀಯರು ಪದವನ್ನು ತೆಗೆದುಕೊಳ್ಳದೆ ಅರ್ಥವನ್ನು ತೆಗೆದುಕೊಂಡರು. ಅವರ 'ಗ್ವಾಂಗ್‌ಬೋ' ಎಂಬುದರಲ್ಲಿ ಮೊದಲ ಭಾಗಕ್ಕೆ ವಿಶಾಲವೆಂದೂ ಎರಡನೆಯದಕ್ಕೆ ಬಿತ್ತುವುದೆಂದೂ ಅರ್ಥ. ದಕ್ಷಿಣ ಆಫ್ರಿಕದ ಆಫ್ರಿಕಾನ್ಸ್ ಭಾಷೆಯವರು 'ಔಟ್‌ಸಾಯ್' ಎಂಬಂತೆ ಉಚ್ಚರಿಸುವ ಪದವನ್ನು ಕಟ್ಟಿಕೊಂಡರು. ಹೊರಗೆ ಬಿತ್ತು ಎಂದು ಅದರ ಅರ್ಥ. ಐಸ್‌ಲೆಂಡಿನವರ 'ಊತ್ವಾರ್ಪ್' ಎಂದರೆ ಹೊರಗೆಸೆತ. ಜರ್ಮನರು ಹೊಲದ ಸುದ್ದಿಯನ್ನೇ ಬಿಟ್ಟು 'ರುಂಡ್‌ಫುಂಕ್' ಎಂದರು. ಸುತ್ತಲೂ ಹಾರುವ ಕಿಡಿ. ಆರಂಭದ ಪ್ರೇಷಕಯಂತ್ರಗಳಲ್ಲಿ ನಿಜವಾಗಿಯೂ ವಿದ್ಯುತ್ತಿನ ಕಿಡಿ ಹಾರುತ್ತಿದ್ದುದರ ನೆನಪು ಅದರಲ್ಲಿದೆ. ಎಲ್ಲಕ್ಕಿಂತ ನಮಗೆ ಹತ್ತಿರವೆನಿಸುವುದು ಹಾಲೆಂಡಿನ ಡಚ್ಚರ ಮಾತು. ಅವರು 'ಓಮ್‌ರೂಪ್' ಎನ್ನುತ್ತಾರೆ. ಸುತ್ತಲೂ ಕೂಗಿ ಹೇಳುವುದು. ಊರೂರಿನಲ್ಲಿ ಪ್ರಕಟಣೆ ಸಾರುತ್ತ ಹೋಗುವವನಿಗೆ ಅವರಲ್ಲಿ ಇದೇ ಧಾತುವಿನ ಹೆಸರಿತ್ತು. ಅಂದರೆ ನಮ್ಮ ಡಂಗುರ ಸಾರುವವನೇ! ನಾವೂ ಡಚ್ಚರಂತೆ ಯೋಚಿಸಿದ್ದರೆ ರೇಡಿಯೋಗೆ 'ಬಾನಡಂಗುರ' ಎಂದು ಹೆಸರಾಗುತ್ತಿತ್ತೋ ಏನೋ.

ಹಿಂದಿಯವರು ಸಂಸ್ಕೃತದಿಂದ 'ಪ್ರಸಾರಣ'ವನ್ನು ತೆಗೆದರು. ನಾವು 'ಪ್ರಸಾರ' ಎಂದೆವು. ಹರಡುವುದು, ಚಾಚುವುದು ಎಂಬ ಅರ್ಥ. ಉರ್ದುವಿನವರು ಅರಬ್ಬಿಯಿಂದ 'ನಶ್ರ್' ಎಂಬುದನ್ನು ಪಡೆದರು. ಅದರ ಅರ್ಥವೂ ಹರಡುವುದೇ. ಆದರೆ ಕನ್ನಡದಲ್ಲಿ ಪ್ರಸಾರದ ಜೊತೆಗೆ ಇನ್ನೊಂದು ಮಾತು ನೆಲೆಯೂರಿದೆ: 'ಬಿತ್ತರ'. ಕಾರ್ಯಕ್ರಮ ಬಿತ್ತರವಾಯಿತು, ವಾರ್ತೆ ಬಿತ್ತರಗೊಂಡಿತು ಎಂದು ನಾವು ದಿನವೂ ಹೇಳುತ್ತೇವೆ. ಈ ಪದವನ್ನು ಕೇಳಿದೊಡನೆ ಕನ್ನಡಿಗನ ಮನಸ್ಸಿಗೆ ಬಿತ್ತು, ಬಿತ್ತನೆ, ಬಿತ್ತಿಗೆ ಎಂಬ ಹೊಲದ ಮಾತುಗಳು ನೆನಪಾಗುತ್ತವೆ. ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಬಿತ್ತನೆಯ ಪದವಾದಂತೆ ನಮ್ಮ ಬಿತ್ತರವೂ ಬಿತ್ತನೆಯಿಂದಲೇ ಬಂದಿತೆಂದು ತೋರುತ್ತದೆ. ವ್ಯಾಕರಣ ಮಾತ್ರ ಇದನ್ನು ಒಪ್ಪುವುದಿಲ್ಲ.

ಬಿತ್ತು ಎಂಬುದು ಅಪ್ಪಟ ದ್ರಾವಿಡ ಪದ; ತಮಿಳಿನಲ್ಲಿ ಅದು 'ವಿತ್ತು'. ಬಿತ್ತರವಾದರೋ ಸಂಸ್ಕೃತದ 'ವಿಸ್ತರ'ದ ತದ್ಭವ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶಪ್ರಕರಣವೆಂಬ ಒಂದು ಭಾಗವನ್ನೇ ಇಂಥ ಮಾರ್ಪಾಟುಗಳಿಗೆ ಮೀಸಲಿಟ್ಟಿದ್ದಾನೆ. ಸಂಸ್ಕೃತದ ವಕಾರ ಕನ್ನಡಕ್ಕೆ ಬಂದಾಗ ಬಕಾರವಾಗುವುದು ಸಾಮಾನ್ಯ. ವಸಂತ ಬಸಂತವಾಯಿತು, ವೀರ ಬೀರನಾದನು, ವಿಜ್ಞಾಪನ ಬಿನ್ನಪವಾಯಿತು. ಈ ಸಾಲಿನಲ್ಲಿ ನಮ್ಮ ನಾಲಗೆಯ ಮೇಲೆ ದಿನವೂ ನಲಿಯುವ ಹೆಸರೊಂದಿದೆ. 'ವೃಷಭ' ಎಂಬ ಸಂಸ್ಕೃತ ಪದವೇ ಕನ್ನಡದಲ್ಲಿ 'ಬಸವ' ಎಂದಾಯಿತು. ಬಸವ ಎನ್ನುವಾಗ ನಾವು ಎರವಲು ಪದವನ್ನು ಬಳಸುತ್ತಿದ್ದೇವೆಂದು ಯಾರಿಗಾದರೂ ಅನ್ನಿಸುವುದುಂಟೆ? ವೃಷಭವೆಂದರೆ ಪಂಚಾಂಗದ ರಾಶಿ ನೆನಪಾಗುತ್ತದೆ. ಬಸವನೆಂದರೆ ಅಂಗಳದ ಎತ್ತು, ಮಕ್ಕಳ ಹೆಸರು, ಅಣ್ಣನವರು, ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಎರವಲು ತಂದದ್ದು ತನ್ನದಾಗುವುದೆಂದರೆ ಹೀಗೆ. ಬಿತ್ತರದ ಗತಿಯೂ ಇದೇ. ಬುಡ ಬೇರೆಯಾದರೂ ಬಿತ್ತುವ ಜನರ ಬಾಯಲ್ಲಿ ಅದು ಬಿತ್ತನೆಯ ಬಣ್ಣವನ್ನು ತಾನಾಗಿಯೇ ಪಡೆದುಕೊಂಡಿತು. ಶಾಸ್ತ್ರಜ್ಞರು ಎರಡು ಬೇರೆ ಬೇರುಗಳನ್ನು ತೋರಿಸಲಿ. ಕೇಳುವ ಕಿವಿಗೆ ಅವೆರಡೂ ಒಂದೇ ಹೊಲದ ಪೈರುಗಳಾಗಿ ಕಾಣುತ್ತವೆ.

ಮಾತಿಗೆ ತಕ್ಕಂತೆ ಸಂಗತಿಯೂ ನಡೆದುದುಂಟು. 1960ರ ದಶಕದಲ್ಲಿ ತಮಿಳುನಾಡಿನ ತಂಜಾವೂರು ಪ್ರದೇಶದಲ್ಲಿ ಎ.ಡಿ.ಟಿ.-27 ಎಂಬ ಹೊಸ ಬತ್ತದ ತಳಿಯ ವಿಚಾರವನ್ನು ರೈತರು ರೇಡಿಯೋದಲ್ಲಿ ಕೇಳಿ ಬೆಳೆಯತೊಡಗಿದರು. ಆ ತಳಿಗೆ ಜನರ ಬಾಯಲ್ಲಿ 'ರೇಡಿಯೋ ಅಕ್ಕಿ' ಎಂದೇ ಹೆಸರಾಯಿತು. ಬಿತ್ತನೆಯಿಂದ ಹೆಸರನ್ನು ಸಾಲ ಪಡೆದ ವಿದ್ಯೆ ಹೀಗೆ ಬಿತ್ತನೆಗೆ ಆ ಸಾಲವನ್ನು ತೀರಿಸಿತು. ನಮ್ಮಲ್ಲಿಯೂ 'ಕೃಷಿರಂಗ'ದ ವೇಳೆಗೆ ಹೊಲದಿಂದ ಮರಳಿದವರು ಕಟ್ಟೆಯ ಮೇಲೆ ರೇಡಿಯೋ ಸುತ್ತ ಕೂಡುತ್ತಿದ್ದ ಕಾಲ ಅನೇಕರಿಗೆ ನೆನಪಿರಬಹುದು. ಆಗ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿತ್ತು. 1980ರ ದಶಕದಲ್ಲಿ ಆ ಕಟ್ಟಳೆ ಹೋಯಿತು.

ಈಗ ಮೊದಲು ಬಿಟ್ಟುಬಂದ ಮಾತಿಗೆ ಬರೋಣ. ಪುರಾಣದ ಆಕಾಶವಾಣಿ ಹುಸಿಯಾಡದು. ಅದೇ ಹೆಸರನ್ನು ಮನುಷ್ಯರು ನಡೆಸುವ, ಅದರಲ್ಲಿಯೂ ಸರ್ಕಾರ ನಡೆಸುವ ಸಂಸ್ಥೆಗೆ ಇಟ್ಟಾಗ ಆ ನಂಬಿಕೆಯೂ ಹೆಸರಿನ ಜೊತೆಗೇ ಬಂದುಬಿಡುತ್ತದೆ. ಇದು ಸಾಮಾನ್ಯ ಸಂಗತಿಯಲ್ಲ. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯ ಕಾಲದಲ್ಲಿ ಆಕಾಶವಾಣಿ ಆಳುವವರಿಗೆ ಒಪ್ಪುವ ಸುದ್ದಿಯನ್ನಷ್ಟೇ ಹೇಳಿತು. ಜನ ಅದನ್ನು 'ಆಲ್ ಇಂದಿರಾ ರೇಡಿಯೋ' ಎಂದು ಹಾಸ್ಯಮಾಡಿದರು. ಈ ಹಾಸ್ಯ ಹುಟ್ಟಿದ್ದು ಇಂಗ್ಲಿಷ್ ಹೆಸರಿನ ಮೇಲೆ ಎಂಬುದು ಗಮನಾರ್ಹ. ಆಕಾಶವಾಣಿ ಎಂಬ ಹೆಸರನ್ನು ಹಾಗೆ ತಿರುಚಲು ಯಾರೂ ಕೈಹಾಕಲಿಲ್ಲ. ಅದರ ಸುತ್ತ ದೈವಿಕತೆಯ ಪ್ರಭೆಯಿತ್ತು. ಹಳ್ಳಿಯ ಮುದುಕರು 'ಆಕಾಶವಾಣಿ ಸುಳ್ಳು ಹೇಳೀತೇ?' ಎಂದು ಕೇಳುತ್ತಿದ್ದುದು ಸರ್ಕಾರದ ಮೇಲಿನ ವಿಶ್ವಾಸದಿಂದಲ್ಲ, ಆ ಪದದ ಮೇಲಿನ ವಿಶ್ವಾಸದಿಂದ. ಮಾತನ್ನು ಮೇಲಿನಿಂದ ಇಳಿದದ್ದೆಂದು ಭಾವಿಸಿದರೆ ಕೇಳುವವನಿಗೆ ಕೈಮುಗಿಯುವುದಷ್ಟೇ ಉಳಿಯುತ್ತದೆ. ಬಿತ್ತಿದ್ದೆಂದು ಭಾವಿಸಿದರೆ ಹಾಗಲ್ಲ. ಬೀಜ ಜೊಳ್ಳೋ ಗಟ್ಟಿಯೋ ಎಂದು ಮುಷ್ಟಿಯಲ್ಲಿ ಹಿಡಿದು ನೋಡುವ ಅಧಿಕಾರ ಒಕ್ಕಲಿಗನಿಗೆ ಇದ್ದೇ ಇದೆ. ನಮ್ಮನ್ನು ಕೇಳಿದರೆ ಆಕಾಶವಾಣಿ ಹೆಸರಾಗಿ ಸುಂದರ, ಬಿತ್ತರವೇ ಕ್ರಿಯೆಗೆ ಪ್ರಾಮಾಣಿಕವಾದ ಮಾತು.

'ದೂರದರ್ಶನ'ದ ಕಥೆಯೂ ಇದಕ್ಕೆ ಹತ್ತಿರದ್ದೇ. ಗ್ರೀಕಿನ 'ಟೆಲಿ', ಲ್ಯಾಟಿನ್ನಿನ 'ವಿಷನ್' ಸೇರಿ ಆದ ಮಿಶ್ರಪದವನ್ನು ನಮ್ಮವರು ಅರ್ಥಕ್ಕೆ ಅರ್ಥವಿಟ್ಟು ಸಂಸ್ಕೃತಕ್ಕೆ ತಂದರು. ದೆಹಲಿಯಲ್ಲಿ 1959ರಲ್ಲಿ ಟೆಲಿವಿಷನ್ನು ಪ್ರಾಯೋಗಿಕವಾಗಿ ಆರಂಭವಾಗಿತ್ತು. ನೋಟಕ್ಕೆ ಸಂಸ್ಕೃತದಲ್ಲಿ ಬೇಕಾದಷ್ಟು ಪದಗಳಿದ್ದರೂ ಆರಿಸಿದ್ದು 'ದರ್ಶನ'ವನ್ನು. ನಾವು ಗುರುಗಳ ದರ್ಶನಕ್ಕೆ ಹೋಗುತ್ತೇವೆ, ನೆರೆಮನೆಯವರ ದರ್ಶನಕ್ಕೆ ಹೋಗುವುದಿಲ್ಲ. 1987-88ರಲ್ಲಿ 'ರಾಮಾಯಣ' ಧಾರಾವಾಹಿ ಬರುತ್ತಿದ್ದಾಗ ದೇಶದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗೆ ಹೂಮಾಲೆ ಹಾಕಿ ಊದುಬತ್ತಿ ಹಚ್ಚಿದರು. ಪದ ಹೇಳಿದ್ದನ್ನೇ ಜನ ಮಾಡಿದರು, ಅಷ್ಟೆ.

ವಾಣಿಯ ವಂಶವೂ ಬೆಳೆಯಿತು. ಟೆಲಿಫೋನು 'ದೂರವಾಣಿ'ಯಾಯಿತು. ಕಿಸೆಯಲ್ಲಿಟ್ಟುಕೊಂಡು ತಿರುಗುವ ಫೋನು ಬಂದಾಗ ತೆಲುಗರು ಅದಕ್ಕೆ 'ಚರವಾಣಿ' ಎಂದರು, ಮರಾಠಿಗರು 'ಭ್ರಮಣಧ್ವನಿ' ಎಂದರು. ಕನ್ನಡದಲ್ಲಿ ಕೆಲವರು 'ಜಂಗಮವಾಣಿ' ಎಂದು ಕರೆದರು. ಸ್ಥಾವರ-ಜಂಗಮಗಳ ಭೇದ ಎಳವೆಯಿಂದಲೇ ತಿಳಿದಿರುವ ನಮ್ಮ ಮನೆಗಳವರಿಗೆ ಈ ಪದ ಕೇಳಿದೊಡನೆ ಮುಗುಳುನಗೆ ಬಾರದಿರದು. ಗೋಡೆಗೆ ತಂತಿ ಬಿಗಿದುಕೊಂಡಿರುವುದು ಸ್ಥಾವರ, ಒಡೆಯನೊಡನೆ ಊರೂರು ತಿರುಗುವುದು ಜಂಗಮ. ಲಕ್ಷಣಕ್ಕೆ ಸರಿಯಾಗಿಯೇ ಇದೆ. ಆದರೆ ಸದಾ ಗುಣುಗುಡುತ್ತ ಊಟದ ಹೊತ್ತಿನಲ್ಲಿಯೂ ಮನೆಮಂದಿಯನ್ನು ಬೇರೆಬೇರೆ ಮೂಲೆಗಳಿಗೆ ಎಳೆದೊಯ್ಯುವ ವಸ್ತುವಿಗೆ ಜಂಗಮವೆಂಬ ಹಿರಿಯ ಹೆಸರನ್ನು ಇಡುವುದು ಉಚಿತವೇ ಎಂದು ಆಕ್ಷೇಪಿಸುವವರೂ ಇದ್ದಾರೆ. ಬಳಕೆಯಲ್ಲಿ ಗೆದ್ದದ್ದು 'ಮೊಬೈಲು'. ಆದುದರಿಂದ ಆಕ್ಷೇಪಕ್ಕೆ ಈಗ ಹೆಚ್ಚಿನ ಅವಕಾಶವಿಲ್ಲ.

ಆಕಾಶವಾಣಿಯ ಪದಯಾತ್ರೆಯಲ್ಲಿ ಇನ್ನೆರಡು ತಿರುವುಗಳನ್ನು ಹೇಳಬೇಕು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಆರಂಭವಾಯಿತು. ಆ ಬಳಿಕ ಬಂದ ಖಾಸಗಿ ಕೇಂದ್ರಗಳಾವುವನ್ನೂ ಯಾರೂ ಆಕಾಶವಾಣಿ ಎನ್ನಲಿಲ್ಲ; ಅವೆಲ್ಲ 'ರೇಡಿಯೋ'ಗಳಾದವು. ಒಬ್ಬ ಪ್ರಾಧ್ಯಾಪಕರ ಖಾಸಗಿ ಕೇಂದ್ರದ ಹೆಸರಾಗಿ ಹುಟ್ಟಿ, ರೇಡಿಯೋ ಮಾತ್ರಕ್ಕೇ ಸಲ್ಲುವ ಹೆಸರಾಗಿ ಬೆಳೆದ ಪದ ಕೊನೆಗೆ ಸರ್ಕಾರಿ ಸಂಸ್ಥೆಯೊಂದಕ್ಕೇ ಸೀಮಿತವಾಯಿತು. ಇದು ಮೊದಲನೆಯ ತಿರುವು. ಎರಡನೆಯದು 2023ರ ಮೇ ತಿಂಗಳಿನದು. 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರನ್ನು ಬಿಟ್ಟು ಎಲ್ಲೆಡೆಯೂ 'ಆಕಾಶವಾಣಿ' ಎಂಬುದನ್ನೇ ಬಳಸಬೇಕೆಂದು ಆದೇಶವಾಯಿತು. ಪ್ರಸಾರಭಾರತಿಯನ್ನು ಕುರಿತ 1990ರ ಕಾಯಿದೆಯಲ್ಲಿಯೇ ಆ ಹೆಸರಿದೆಯೆಂಬುದನ್ನು ಆಧಾರವಾಗಿ ತೋರಿಸಲಾಯಿತು. ತಮಿಳುನಾಡಿನಿಂದ ಕೂಡಲೇ ವಿರೋಧ ಬಂದಿತು. ಕರ್ನಾಟಕದಲ್ಲಿ ಅಂಥ ಸದ್ದೇನೂ ಏಳಲಿಲ್ಲ. ನಮ್ಮದೇ ಪದ ಮನೆಗೆ ಮರಳಿದಾಗ ಯಾರು ತಾನೆ ತಕರಾರು ಮಾಡುತ್ತಾರೆ? ಹಾಗೆಂದು ನೆರೆಯವರ ಅಸಮಾಧಾನವನ್ನು ನಾವು ಲಘುವಾಗಿ ಕಾಣಬೇಕಾಗಿಲ್ಲ. ಒಪ್ಪಿ ಪಡೆದ ಎರವಲಿಗೂ ಆಜ್ಞೆಯಿಂದ ಬಂದ ಎರವಲಿಗೂ ವ್ಯತ್ಯಾಸವಿದೆ. ಬಿತ್ತರವೂ ಬಸವವೂ ಕನ್ನಡಕ್ಕೆ ಬಂದದ್ದು ಯಾವ ಸುತ್ತೋಲೆಯಿಂದಲೂ ಅಲ್ಲ.

ನಮ್ಮ ಓದುಗರ ಊರುಗಳಲ್ಲಿ ರೇಡಿಯೋವನ್ನೂ ಅದರ ಬಿಡಿಭಾಗಗಳನ್ನೂ ಹಿರಿಯರು ಏನೆಂದು ಕರೆಯುತ್ತಿದ್ದರು? ಕಂಬಕ್ಕೆ ಕಟ್ಟುತ್ತಿದ್ದ ಏರಿಯಲ್ ತಂತಿಗೆ, ಕೇಂದ್ರ ಹಿಡಿಯಲು ತಿರುಗಿಸುತ್ತಿದ್ದ ಗುಂಡಿಗೆ, ಗೊರಗೊರ ಸದ್ದಿಗೆ ಅವರಲ್ಲಿ ಯಾವ ಮಾತುಗಳಿದ್ದವು? ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಊರು ತಾಲ್ಲೂಕುಗಳ ಹೆಸರಿನೊಡನೆ ಬರೆದು ಕಳುಹಿಸಿದರೆ ಮುಂಬರುವ ಸಂಚಿಕೆಯೊಂದರಲ್ಲಿ ಅವನ್ನು ಸಂತೋಷದಿಂದ ಪ್ರಕಟಿಸುತ್ತೇವೆ.